ಹುಲಗಪ್ಪನ ತುತ್ತೂರಿ

ನಾನು ಒಂದು ತುತ್ತೂರಿ. ಮೀರತ್ ಪೇಟೆಯ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ಹಿತ್ತಾಳೆಯ ತಗಡನ್ನು ಬಡಿದು, ಬಗ್ಗಿಸಿ, ಬೆಸೆದು ನನ್ನನ್ನು ಮಾಡಿದರು. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ, ರೈಲು ಹತ್ತಿ, ಬಾಗಲಕೋಟೆ ಸೀಮೆಯ ಹಿರೇಕಣಗಿ ಎಂಬ ಸಣ್ಣ ಊರಿಗೆ ಬಂದೆ. ಅಲ್ಲಿ ಯಮನಪ್ಪ ಭಜಂತ್ರಿ ಮದುವೆ ಬ್ಯಾಂಡಿನ ಯಜಮಾನ. ಹತ್ತು ವರ್ಷ ಅವನೇ ನನ್ನನ್ನು ಊದಿದ. ಮಗ ಹುಲಗಪ್ಪನಿಗೆ ಮೀಸೆ ಮೂಡಿದ ವರ್ಷ ಅವನ ಕೈಗೆ ಕೊಟ್ಟ.

ಹುಲಗಪ್ಪನ ಮುಂದಿನ ಹಲ್ಲೊಂದು ಚೂರು ಮುರಿದಿತ್ತು. ಅವನು ಊದಿದರೆ ಸ್ವರದ ಜೊತೆ ಸಣ್ಣ ಸಿಳ್ಳೆಯೂ ಬರುತ್ತಿತ್ತು. ಹುಣಸೆಹಣ್ಣು ಹಚ್ಚಿ ನನ್ನನ್ನು ಬಂಗಾರದಂತೆ ಬೆಳಗುತ್ತಿದ್ದ.

ಮದುವೆ ಮನೆಗಳಲ್ಲಿ ಬ್ಯಾಂಡಿನವರ ಊಟ ಎಲ್ಲರದೂ ಮುಗಿದ ಮೇಲೆ, ಅದೂ ಹಂದರದ ಹೊರಗೆ. ಒಮ್ಮೆ ಊರ ಗೌಡರ ಮನೆಯ ಮದುವೆಯಲ್ಲಿ ಇಳಿಹೊತ್ತಾದರೂ ಯಾರೂ ಕರೆಯಲಿಲ್ಲ.

"ಯಪ್ಪಾ, ನಾ ಮಿಲಿಟ್ರಿಗೆ ಹೋಗ್ತೀನಿ" ಎಂದ ಹುಲಗಪ್ಪ. "ಅಲ್ಲಿ ಎಲ್ಲಾರೂ ಒಂದ ಸಾಲಿನ್ಯಾಗ ಕುಂತು ಉಣ್ತಾರಂತ."

"ಅಲ್ಲಿ ಗುಂಡೂ ಹಾರತಾವು."

"ಹಾರ್ಲಿ ತಗೋ."

ನನ್ನನ್ನು ಗೋಡೆಯ ಗೂಟಕ್ಕೆ ತೂಗುಹಾಕಿ ಅವನು ಸೈನ್ಯ ಸೇರಿದ. ಎರಡು ವರ್ಷದ ಮೇಲೆ ರಜೆಗೆ ಬಂದಾಗ ತಾಯಿ ದ್ಯಾಮವ್ವ ಮೊದಲು ಕೇಳಿದ್ದು ಅದನ್ನೇ. "ಖರೇನ ಒಂದ ಸಾಲಿನ್ಯಾಗ ಉಣ್ತೀರೇನೋ?"

"ಒಂದ ತಾಟಿನ್ಯಾಗೂ ಉಂಡೀವಿ ಬೇ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗೆಯನ್ನು ನಾನು ಮತ್ತೆ ಕಾಣಲಿಲ್ಲ.

ಮರುವರ್ಷ ಕಾರ್ಗಿಲ್‌ನಲ್ಲಿ ಯುದ್ಧ ನಡೆಯಿತು. ಒಂದು ಬೆಳಿಗ್ಗೆ ಠಾಣೆಯ ಪೊಲೀಸನೊಬ್ಬ ಬಂದು ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಹುಲಗಪ್ಪನಿಗೆ ಆಗ ಇಪ್ಪತ್ಮೂರು ವರ್ಷ.

ಶವ ಬರುವ ದಿನ ಗೌಡರು ಮೊದಲ ಸಲ ನಮ್ಮ ಓಣಿಗೆ ಕಾಲಿಟ್ಟರು.

"ಯಮನಪ್ಪಾ, ಮಂತ್ರಿಗಳು ಬರಾಕತ್ತ್ಯಾರ. ಮೆರವಣಿಗಿಗೆ ಬ್ಯಾಂಡ್ ಬೇಕು. ನಿಂದು ಬಿಟ್ರ ಊರಾಗ ಮತ್ತ್ಯಾರದೈತಿ?"

ಯಮನಪ್ಪ ತಲೆ ಎತ್ತಲಿಲ್ಲ. ದ್ಯಾಮವ್ವ ಒಳಗಿನಿಂದಲೇ ಕೂಗಿದಳು. "ಹಡೆದಪ್ಪಗ ಊದು ಅಂತೀರೇನ್ರೀ ಗೌಡ್ರ?"

"ಊರ ಮರ್ಯಾದಿ ಐತೆವ್ವಾ."

ಗೌಡರ ಮುಂದೆ ಇಲ್ಲ ಎಂದು ಹೇಳಿ ಗೊತ್ತೇ ಇಲ್ಲದ ಬಾಯಿ ಯಮನಪ್ಪನದು. ಗೂಟದಿಂದ ನನ್ನನ್ನು ಇಳಿಸಿದ.

ಬಸ್ ನಿಲ್ದಾಣದಿಂದ ಹೊಳೆಯ ದಂಡೆಯವರೆಗೆ ಎರಡು ತಾಸು ನಡೆದೆವು. ಹೂವಿನ ಲಾರಿಯ ಮೇಲೆ ಮಗ, ಅದರ ಮುಂದೆ ತಂದೆ. ಯಾವ ಹಾಡು ಹೇಳಿದರೆ ಆ ಹಾಡು ನುಡಿಸಿದ. ಹುಡುಗರು ಜೈಕಾರ ಹಾಕಿದರು. "ಎಂಥಾ ಗಟ್ಟಿ ಗುಂಡಿಗಿಪಾ!" ಎಂದು ಯಾರೋ ಹೊಗಳಿದರು. ನನಗೆ ಮಾತ್ರ ಅವನ ತುಟಿ ಕಲ್ಲಿನಂತೆ ತಣ್ಣಗಿದ್ದದ್ದು ಗೊತ್ತು.

ಮಣ್ಣು ಮಾಡಿ ಮನೆಗೆ ಬಂದ ಮೇಲೆ ಅವನು ಹೆಂಡತಿಗೆ ಹೇಳಿದ: "ಒಂದು ಸ್ವರಾನೂ ತಪ್ಪಲಿಲ್ಲ ನೋಡು. ತಪ್ಪಬೇಕಾಗಿತ್ತು."

ದ್ಯಾಮವ್ವ ಅದಕ್ಕೆ ಉತ್ತರ ಕೊಡಲಿಲ್ಲ. ಆಮೇಲೆ ಅವನ ಯಾವ ಮಾತಿಗೂ ಕೊಡಲಿಲ್ಲ. ರೊಟ್ಟಿ ಬಡಿದು ಮುಂದಿಡುತ್ತಿದ್ದಳು, ಅಷ್ಟೆ. ಬ್ಯಾಂಡ್ ಒಡೆಯಿತು. ಯಮನಪ್ಪ ನನ್ನನ್ನು ಮತ್ತೆ ಮುಟ್ಟಲಿಲ್ಲ. ಆರು ವರ್ಷ ಗೋಡೆಗೆ ಬೆನ್ನು ಕೊಟ್ಟು ಕೂತ. ಸಾಯುವ ದಿನ ಅವಳು ಅವನ ಬಾಯಿಗೆ ನೀರು ಬಿಟ್ಟಳು. ಆಗಲೂ ಮಾತಿಲ್ಲ.

ಊರಿನ ಸರ್ಕಲ್ಲಿಗೆ ಹುಲಗಪ್ಪನ ಹೆಸರಿಟ್ಟಿದ್ದರು. ಆ ಫಲಕದ ಮೇಲೆ ಚುನಾವಣೆಯ ಚೀಟಿಗಳು ಅಂಟಿದವು, ಮಳೆಗೆ ಹರಿದವು, ಮತ್ತೆ ಅಂಟಿದವು.

ಹೋದ ತಿಂಗಳು ಗುಜರಿಯವನ ಗಾಡಿ ಓಣಿಗೆ ಬಂತು. ದ್ಯಾಮವ್ವ ನನ್ನನ್ನು ತಂದು ಅವನ ಕೈಗಿಟ್ಟಳು.

"ಸತ್ತ ಮಗಂದಲ್ಲೇನವ್ವಾ ಇದು? ಇರ್ಲಿ, ನೆನಪಿಗೆ ಇಟ್ಕೋ" ಎಂದ ಅವನು.

"ಇದನ್ನ ನೋಡಿದ್ರ ಮಗ ನೆನಪಾಗಂಗಿಲ್ಲಪಾ. ಆ ಮೆರವಣಿಗಿ ನೆನಪಾಗ್ತೈತಿ. ಒಯ್ದು ಕರಗಸು."

ಈಗ ತೂತುಬಿದ್ದ ಕೊಡಗಳ, ಮುರಿದ ನಲ್ಲಿಗಳ ರಾಶಿಯಲ್ಲಿ ಬಿದ್ದಿದ್ದೇನೆ. ಹುಲಗಪ್ಪನ ಉಸಿರು ನನ್ನೊಳಗೆ ಉಳಿದಿದೆ ಎಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ತುತ್ತೂರಿಯೊಳಗೆ ಉಸಿರು ನಿಲ್ಲುವುದಿಲ್ಲ, ಹಾದು ಹೋಗಿಬಿಡುತ್ತದೆ. ಕೊನೆಗೆ ನನ್ನನ್ನು ಹಾದು ಹೋದದ್ದು ಅಪ್ಪನ ಉಸಿರು.

ನಾಳೆಯೋ ನಾಡಿದ್ದೋ ಭಟ್ಟಿಗೆ ಹೋಗುತ್ತೇನೆ. ಬೀಗವಾಗಬಹುದು, ಬಾಗಿಲ ಚಿಲಕವಾಗಬಹುದು. ಸದ್ದು ಮಾಡುವ ವಸ್ತು ಮಾತ್ರ ಆಗದಿರಲಿ.