ತೊಂಬತ್ತೆಂಟು ಕೆಜಿ

"ಲೇ ಸಿದ್ದರಾಜ, ಡುಮ್ಮ ನನ್ಮಗ್ನೆ, ಹತ್ತೋ ಹಿಂದಕ್ಕೆ! ತಿಂದಿದ್ದು ಕಂಪ್ನಿಗಾದ್ರೂ ಉಪಯೋಗಕ್ಕೆ ಬರ್ಲಿ!"

ಸೂಪರ್‌ವೈಸರ್ ವಾಗೀಶ ನನ್ನನ್ನು ಕರೆಯುವುದೇ ಹೀಗೆ. ಹೂಟಗಳ್ಳಿಯ ಈ ಗೋದಾಮಿನಲ್ಲಿ ನನ್ನ ವಿದ್ಯಾರ್ಹತೆ ತೊಂಬತ್ತೆಂಟು ಕೆಜಿ. ಫೋರ್ಕ್‌ಲಿಫ್ಟ್ ಎತ್ತಬಹುದಾದ್ದು ಒಂದೂವರೆ ಟನ್, ಇವರು ಹೇರುವುದು ಎರಡು. ಮುಂದಿನ ಭಾರಕ್ಕೆ ಗಾಡಿಯ ಹಿಂಭಾಗ ಮೇಲೇಳದಂತೆ ಅಲ್ಲಿ ಹತ್ತಿ ನಿಲ್ಲುವುದು ನನ್ನ ಕೆಲಸ. ಸಮತೂಕಕ್ಕೆ ಇಡಬೇಕಾದ ಕಬ್ಬಿಣದ ದಿಮ್ಮಿಯ ಹುದ್ದೆ ಮನುಷ್ಯನಾದ ನನಗೆ ಸಿಕ್ಕಿತೆಂದು ಮೊದಮೊದಲು ಹೆಮ್ಮೆಯೂ ಇತ್ತು. ಹೆಂಡತಿ ಒಂದು ಮುದ್ದೆ ಕಡಿಮೆ ಮಾಡಿ ಅಂದರೆ, "ಕೆಲ್ಸ ಹೋಯ್ತದೆ ಕಣಮ್ಮಿ" ಅನ್ನುತ್ತಿದ್ದೆ.

ಹೋದ ತಿಂಗಳು ನನ್ನ ಪಕ್ಕದಲ್ಲೇ ಗಾಡಿ ಹತ್ತಿ ನಿಂತಿದ್ದ ಸಣ್ಣಯ್ಯ ಜಾರಿಬಿದ್ದ. ಚಕ್ರ ಅವನ ಪಾದದ ಮೇಲೆ ಹರಿಯಿತು. ಹತ್ತಬಾರದೆಂದು ತರಬೇತಿ ಕೊಟ್ಟಿದ್ದೆವು, ತಾನೇ ಹತ್ತಿದ ಎಂದು ಕಂಪನಿಯವರು ಬರೆದುಕೊಂಡು, ಅವನ ಸಹಿ ಇದ್ದ ತರಬೇತಿಯ ಕಾಗದವನ್ನೇ ಅವನಿಗೆ ತೋರಿಸಿದರು. ಪಾದವೂ ಹೋಯಿತು, ಕೆಲಸವೂ ಹೋಯಿತು.

ಇವತ್ತು ಬೆಳಿಗ್ಗೆ ಮತ್ತೆ ಅದೇ ತರಬೇತಿ. ಗಾಡಿಯ ಹಿಂದೆ ನಿಂತ ದಪ್ಪ ಮನುಷ್ಯನ ಚಿತ್ರ ಪರದೆ ಮೇಲೆ ಬಂತು, ಅವನ ಮೇಲೊಂದು ಕೆಂಪು ಗೀಟು. ಎಲ್ಲರೂ ನನ್ನತ್ತ ತಿರುಗಿ ನಕ್ಕರು. ನಾನೂ ಹೊಟ್ಟೆ ಕುಲುಕಿಸಿ ನಕ್ಕೆ. ಸಣ್ಣಯ್ಯನ ಪಾದ ನೆನಪಾಗಿ ಒಳಗೇ ಹೆದರಿದೆ. ಆಮೇಲೆ ಟೀ, ಬಿಸ್ಕತ್ತು, ಸಹಿ.

ಸಹಿ ಹಾಕಿ ಹತ್ತು ನಿಮಿಷವಾಗಿಲ್ಲ, ಆಗಲೇ ಈ ಕೂಗು. ಡ್ರೈವರ್ ಮೋಹನ್ ಭಾರ ಎತ್ತಲು ನೋಡಿದ. ಹಿಂದಿನ ಚಕ್ರಗಳು ನೆಲ ಬಿಟ್ಟವು.

"ಏನೋ ನೋಡ್ತಾ ನಿಂತಿದ್ದೀಯಾ? ಹತ್ತೋ!"

"ಆಗಕಿಲ್ಲ ಸಾ. ಈಗ್ತಾನೆ ಸೈನ್ ಆಕಿವ್ನಿ."

"ಸೈನು ಆಫೀಸಿಗೆ ಕಣೋ. ಹತ್ತಲ್ವಾ? ಗೇಟಿಂದಾಚೆ ಹೋಗ್ತಾ ಇರು. ನಿನ್ನಂಥ ಡುಮ್ರು ನೂರು ಜನ ಸಿಕ್ತಾರೆ."

ಬೈಗುಳ ನನಗೆ ಅಭ್ಯಾಸ. ಆದರೆ ಇಷ್ಟು ವರ್ಷ ತಿಂದು ಬೆಳೆಸಿದ ಮೈಗೆ ಸಾಟಿ ನೂರು ಜನ ಇದ್ದಾರೆ ಅಂದದ್ದು ಮಾತ್ರ ತಡೆಯಲಾಗಲಿಲ್ಲ. ಬಾಯಿ ತೆರೆದೆ.

"ನೂರ್ ಜನ ಯಾಕ್ ಸಾ? ನೀವೇ ನನ್ಗಿಂತ ಎಲ್ಡ್ ಕೆಜಿ ಜಾಸ್ತಿ ಇದ್ದೀರಿ. ಮೇಲಾಗಿ ನೀವು ಸೈನೂ ಆಕಿಲ್ಲ. ಬಿದ್ರೆ ನಿಮ್ದೇ ತಪ್ಪು ಅಂತ ಯಾವ್ ನನ್ಮಗನೂ ಅನ್ನಂಗಿಲ್ಲ. ಅತ್ತಿ ಸಾ."

ಮೋಹನ್ ಭಾರ ಕೆಳಗಿಳಿಸಿ ಎಂಜಿನ್ ಆರಿಸಿದ. ಯಾರೂ ನಗಲಿಲ್ಲ. ಗಾಡಿಯ ಹಿಂಭಾಗದಲ್ಲಿ ನನ್ನ ಬೂಟು ತಿಕ್ಕಿ ಹಳದಿ ಬಣ್ಣ ಸವೆದುಹೋದ ಆ ಜಾಗ ಖಾಲಿ ಇತ್ತು. ವಾಗೀಶ ಅದನ್ನು ನೋಡಿದ. ಆಮೇಲೆ ತನ್ನ ಪಾದ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.