ಅತ್ತೆಯ ದವಡೆ ಮತ್ತು ಹಾರ್ಡ್‌ವೇರ್ ಪರೀಕ್ಷೆ

ಸೂಲಿಬೆಲೆಯ ರಂಜಿತ ಹಾರ್ಡ್‌ವೇರ್ ಪರೀಕ್ಷೆಗೆ ಓದುತ್ತಿದ್ದಾಳೆಂದು ಊರಿಗೆಲ್ಲ ಗೊತ್ತಾದದ್ದು ಅವಳ ಅತ್ತೆ ಗಂಗಲಕ್ಷ್ಮಮ್ಮನಿಂದ. ಡೈರಿಯಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಾಗಲೆಲ್ಲ ಅವರದು ಅದೇ ಮಾತು. "ನಮ್ ಸೊಸೆ ಕಂಪ್ಯೂಟರ್ ಹೊಟ್ಟೆ ಬಿಚ್ಚಿ ರಿಪೇರಿ ಮಾಡೋ ಪರೀಕ್ಷೆ ಕಟ್ಟವ್ಳೆ. ಪಾಠ ಒಪ್ಪಿಸ್ಕೊಳ್ಳೋಳು ನಾನೇ." ಅದರಲ್ಲಿ ಸುಳ್ಳೇನೂ ಇರಲಿಲ್ಲ.

ರಂಜಿತ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಪ್ಯಾಕಿಂಗ್ ಕೆಲಸಕ್ಕೆ ನಿಲ್ಲುವವಳು. ಲೇಬಲ್ ಪ್ರಿಂಟರ್ ಮುನಿಸಿಕೊಂಡಾಗಲೆಲ್ಲ ಟೆಕ್ನಿಷಿಯನ್ ಬರುವಷ್ಟರಲ್ಲಿ ಇವಳೇ ಬಿಚ್ಚಿ ಸರಿಮಾಡಿರುತ್ತಿದ್ದಳು. ಈಗ ಆ ಟೆಕ್ನಿಷಿಯನ್ ಕೆಲಸ ಬಿಟ್ಟಿದ್ದ. "ಜಾಗ ನಿಂಗೇ ಕೊಡ್ತೀನಮ್ಮ, ಆದ್ರೆ ಎರಡು ತಿಂಗಳೊಳಗೆ ಸರ್ಟಿಫಿಕೇಟ್ ತಂದಿಡು. ಇಲ್ದಿದ್ರೆ ಹೊರಗಿನೋರನ್ನ ತಗೋಬೇಕಾಗ್ತದೆ," ಎಂದಿದ್ದರು ಮ್ಯಾನೇಜರು. ಆ ಜಾಗ ತನ್ನದೇ ಆಗಬೇಕೆಂಬ ಹಟ ರಂಜಿತಳಿಗೆ ಹಿಡಿದುಬಿಟ್ಟಿತ್ತು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಮಾತ್ರ ಅವಳ ಹತ್ತಿರವೂ ಸುಳಿದಿರಲಿಲ್ಲ.

ಹೊಸಕೋಟೆಯ ತರಬೇತಿ ಕೇಂದ್ರದಲ್ಲಿ ದಪ್ಪನೆಯದೊಂದು ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಅದರ ಪ್ರಶ್ನೆಗಳನ್ನು ಹಳೆಯ ಮದುವೆ ಕಾರ್ಡುಗಳ ಹಿಂದೆ ಕನ್ನಡದಲ್ಲಿ ಬರೆದುಕೊಂಡಳು. ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದರ ಪಕ್ಕ ಒಂದು ಕೆಂಪು ಚುಕ್ಕೆ. ಸಂಜೆ ಅತ್ತೆ ಸೊಸೆ ಎದುರುಬದುರು ಕೂರುತ್ತಿದ್ದರು. ಏಳನೇ ಕ್ಲಾಸಿನವರೆಗೆ ಓದಿದ್ದ ಗಂಗಲಕ್ಷ್ಮಮ್ಮ ಬಾಯಿಗೆ ಎಲೆಅಡಿಕೆ ಹಾಕಿಕೊಂಡು, ಕಾರ್ಡನ್ನು ಮಾರುದೂರ ಹಿಡಿದು ಓದುತ್ತಿದ್ದರು.

"ಕಂಪ್ಯೂಟರಲ್ಲಿ ತಾರೀಕು ದಿನಾ ತಪ್ಪಾಗಿ ಬರ್ತದೆ. ಏನು ಕೆಟ್ಟಿರ್ತದೆ? ಒಂದು, ಫ್ಯಾನು. ಎರಡು, ಕೀಬೋರ್ಡು. ಮೂರು, ಬೋರ್ಡ್ ಮೇಲಿರೋ ಚಿಕ್ಕ ಬ್ಯಾಟ್ರಿ. ನಾಕು..."

"ಮೂರು."

"ಅದೇ ಕಣಮ್ಮ."

ನೂರಕ್ಕೆ ತೊಂಬತ್ತೈದು ಸರಿ. "ಇನ್ನೇನು, ಪರೀಕ್ಷೆ ಇಟ್ಟೋರಿಗೇ ಪಾಠ ಹೇಳ್ತೀಯ ಬಿಡು," ಎಂದು ಗಂಡ ಬೈರೇಶ್ ರೇಗಿಸಿದ. ರಂಜಿತ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಳು.

ಪರೀಕ್ಷೆಗೆ ಎರಡು ವಾರವಿರುವಾಗ ಕೇಂದ್ರದಲ್ಲಿ ಮಾದರಿ ಪರೀಕ್ಷೆ ನಡೆಯಿತು. ಎಪ್ಪತ್ತು ಬಂದರೆ ಪಾಸು. ರಂಜಿತಳಿಗೆ ಬಂದದ್ದು ನಲವತ್ತೆಂಟು. ತಾರೀಕಿನ ಪ್ರಶ್ನೆಯೂ ಇತ್ತು, ಅದೂ ತಪ್ಪಾಗಿತ್ತು.

"ಅವ್ರ ಮಿಷನ್ನೇ ಸರಿಯಿಲ್ಲ," ಎಂದು ಗಂಗಲಕ್ಷ್ಮಮ್ಮ ತೀರ್ಪು ಕೊಟ್ಟರು. "ನನ್ ಎದುರಿಗೆ ತೊಂಬತ್ತೈದು ತಗೊಂಡೋಳಿಗೆ ಅಲ್ಲಿ ನಲವತ್ತೆಂಟಾ?"

ಮಿಷನ್ನು ಸರಿಯಾಗಿಯೇ ಇತ್ತು. ವಾಪಸು ಬರುವಾಗ ಬಸ್ಸಿನಲ್ಲೇ ರಂಜಿತಳಿಗೆ ನಿಜ ಹೊಳೆದಿತ್ತು. ಪರದೆಯ ಮುಂದೆ ಕುಳಿತಷ್ಟು ಹೊತ್ತೂ ಅವಳು ಏನನ್ನೋ ಹುಡುಕುತ್ತಿದ್ದಳು. ಅದು ಅತ್ತೆಯ ದವಡೆ. ಕೆಂಪು ಚುಕ್ಕೆಯ ಉತ್ತರ ಓದಿದ ಕೂಡಲೇ ಗಂಗಲಕ್ಷ್ಮಮ್ಮ ಜಗಿಯುವುದನ್ನು ಅರೆಗಳಿಗೆ ನಿಲ್ಲಿಸುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ. ತಾನು ಅದನ್ನೇ ನೋಡಿ ಉತ್ತರ ಹೇಳುತ್ತಿದ್ದೇನೆಂದು ಸೊಸೆಗೂ ಗೊತ್ತಿರಲಿಲ್ಲ. ಈ ಮನೆಗೆ ಬಂದ ಒಂಬತ್ತು ವರ್ಷದಲ್ಲಿ ಸಾರಿಗೆ ಉಪ್ಪು ಸಾಲದೋ, ತವರಿಗೆ ಹೋಗಬಹುದೋ, ಕಾರ್ಖಾನೆಗೆ ಸೇರಬಹುದೋ, ಎಲ್ಲವನ್ನೂ ಆ ದವಡೆ ನೋಡಿಯೇ ತಿಳಿದುಕೊಂಡವಳು ಅವಳು. ಆ ವಿದ್ಯೆಯಲ್ಲಿ ನೂರಕ್ಕೆ ನೂರು, ಹಾರ್ಡ್‌ವೇರ್‌ನಲ್ಲಿ ನಲವತ್ತೆಂಟು.

ಮಾರನೆಯ ಬೆಳಗ್ಗೆ, "ಅತ್ತೆ, ಇವತ್ತಿಂದ ಹಾಲು ನಾನು ಕರೀತೀನಿ. ನೀವು ನನ್ ಬೆನ್ನ ಹಿಂದೆ ಕೂತ್ಕೊಂಡು ಪ್ರಶ್ನೆ ಕೇಳಿ," ಎಂದಳು. ಹಸುವಿನ ಹೊಟ್ಟೆಗೆ ಹಣೆಯೊತ್ತಿ ಕುಳಿತು, ಕಾಣದ ಅತ್ತೆಗೆ ಉತ್ತರ ಕೊಟ್ಟಳು. ಇಪ್ಪತ್ತಕ್ಕೆ ಒಂಬತ್ತು.

"ಇದ್ಯಾಕಮ್ಮ ಹಿಂಗಾಯ್ತು?"

"ಇಷ್ಟ್ ದಿನ ನಿಮ್ ಬಾಯಿ ನೋಡಿ ಹೇಳ್ತಿದ್ದೆ ಅತ್ತೆ. ಸರಿ ಉತ್ತರ ಬಂದ್ರೆ ನೀವು ಜಗಿಯೋದು ನಿಲ್ಲಿಸ್ತೀರ."

ಹಿಂದೆ ಕಾರ್ಡುಗಳನ್ನು ಕೆಳಗಿಟ್ಟ ಸದ್ದಾಯಿತು. ತಿರುಗಿ ನೋಡಬೇಕೆಂದು ಜೀವ ಚಡಪಡಿಸಿತು. ರಂಜಿತ ತಡೆದುಕೊಂಡಳು.

"ಅಂದ್ರೆ ಒಂಬತ್ತು ವರ್ಷದಿಂದ ನನ್ ಬಾಯ್ನೇ ನೋಡ್ಕೊಂಡು ಬಾಳ್ತಿದ್ದೀಯ?"

"ಹೂಂ."

"ನಾನೂ ನಮ್ಮತ್ತೆ ಕಣ್ಣು ನೋಡ್ಕೊಂಡೇ ಮುದುಕಿ ಆದೋಳು," ಎಂದರು ಗಂಗಲಕ್ಷ್ಮಮ್ಮ. ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. "ಆಯ್ತು ಬಿಡು. ಇನ್ಮೇಲೆ ಬರೀ ನಂಬರ್ ಹೇಳಿದ್ರೆ ಒಪ್ಪಲ್ಲ. ಯಾಕೆ ಅಂತಾನೂ ಹೇಳ್ಬೇಕು."

ಆಮೇಲೆ ಎರಡು ವಾರ, ಬೆಳಗ್ಗೆ ಸಂಜೆ, ಹಾಲು ಕರೆಯುವ ಹೊತ್ತೇ ಪಾಠದ ಹೊತ್ತಾಯಿತು.

"ಕರೆಂಟ್ ಇಲ್ದಾಗ ಟೈಮ್ ನೆನಪಿಟ್ಕೊಳ್ಳೋದು ಆ ಬ್ಯಾಟ್ರಿನೇ ಅತ್ತೆ. ಅದು ಸತ್ರೆ ಕಂಪ್ಯೂಟರಿಗೆ ಇವತ್ತು ಯಾವ ದಿನ ಅಂತಾನೇ ಗೊತ್ತಾಗಲ್ಲ."

"ನಿಮ್ಮಾವನ ಥರ."

ಪರೀಕ್ಷೆಯ ದಿನ ಪರದೆಯ ಮೇಲೆ ಆ ಪ್ರಶ್ನೆ ಕಂಡಾಗ ಮಾವನ ನೆನಪಾಗಿ ರಂಜಿತಳಿಗೆ ನಗು ಬಂತು. ಉಳಿದ ಪ್ರಶ್ನೆಗಳಿಗೆ ಬೆನ್ನ ಹಿಂದಿನಿಂದ 'ಯಾಕೆ' ಎಂದು ಯಾರೋ ಕೇಳಿದಂತಾಗುತ್ತಿತ್ತು. ಕಾರಣ ಹೇಳಿಕೊಂಡೇ ಒಂದೊಂದನ್ನೂ ಒತ್ತಿದಳು.

ಸಂಜೆ ಮನೆಗೆ ಬಂದಾಗ ಗಂಗಲಕ್ಷ್ಮಮ್ಮ ಜಗಲಿಯಲ್ಲೇ ಕಾಯುತ್ತಿದ್ದರು. ಜಗಿಯುವುದು ನಿಂತಿತ್ತು. ಸೊಸೆಯ ಕಣ್ಣು, ಹುಬ್ಬು, ತುಟಿ ಒಂದೊಂದನ್ನೇ ನೋಟದಲ್ಲೇ ತಡಕಿದರು. ರಂಜಿತ ಮುಖವನ್ನು ಒರೆಸಿದ ಸ್ಲೇಟಿನಂತೆ ಇಟ್ಟುಕೊಂಡು ನಿಂತಳು.

"ನನ್ ಮುಖ ನೋಡಿದ್ರೆ ಗೊತ್ತಾಗಲ್ಲ ಅತ್ತೆ. ಬಾಯಿಬಿಟ್ಟು ಕೇಳಿ."

"ಎಷ್ಟು ಬಂತೇ?"

"ಎಂಬತ್ತೆರಡು. ಪಾಸು."

ದವಡೆ ಮತ್ತೆ ಆಡತೊಡಗಿತು. ಕಣ್ಣು ತುಂಬಿಕೊಂಡದ್ದನ್ನು ಮುಚ್ಚಲೆಂದೋ ಏನೋ ದನಿ ಗಟ್ಟಿಮಾಡಿ, "ಮಿಕ್ಕ ಹದಿನೆಂಟು ಎಲ್ಲೋಯ್ತು?" ಎಂದರು ಗಂಗಲಕ್ಷ್ಮಮ್ಮ.

ಅದು ತಮಾಷೆಯೋ ಆಕ್ಷೇಪಣೆಯೋ ಎಂದು ರಂಜಿತ ಅತ್ತೆಯ ಮುಖದಲ್ಲಿ ಹುಡುಕಲು ಹೋಗಲಿಲ್ಲ. ಚಪ್ಪಲಿ ಬಿಟ್ಟು, ಅವರ ಪಕ್ಕದಲ್ಲೇ ಕಾಲು ಚಾಚಿ ಕುಳಿತಳು.

"ಅದನ್ನ ಆಮೇಲೆ ಹೇಳ್ತೀನಿ. ಸುಸ್ತಾಗಿದೆ, ಮೊದ್ಲು ಒಂದ್ ಲೋಟ ಕಾಫಿ ಮಾಡ್ಕೊಡಿ ಅತ್ತೆ."

ಆ ಮನೆಯಲ್ಲಿ ಯಾವ ಸೊಸೆಯೂ ಆಡದಿದ್ದ ಮಾತು ಅದು. ಗಂಗಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು. ಒಲೆ ಹಚ್ಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೇಳಿದರು, "ರಂಜಿತಾ, ನೀನು ಸಕ್ಕರೆ ಎಷ್ಟು ಹಾಕ್ಕೊಳ್ತೀಯಮ್ಮ?"