ಮುಯ್ಯಿ ಮರೆತ ಮಗ್ಗ

ಮಧ್ಯಾಹ್ನದ ಊಟದ ತಟ್ಟೆ ಮುಂದಿದ್ದರೂ ಯಶೋದಾಳ ಕಣ್ಣು ಫೋನಿನ ಮೇಲಿತ್ತು. ಹೊಳಲ್ಕೆರೆಯ ಗಿರಾಕಿಯೊಬ್ಬರು ಕುರ್ಚಿಗೆ ಹಾಸಲು ಕಂಬಳಿ ಕೇಳಿದ್ದರು. ಹೊಸದುರ್ಗದ ಅಂಗಡಿಗೆ ಶಾಲು ಬೇಕಿತ್ತು. ಚಿತ್ರದುರ್ಗದಲ್ಲಿ ಕೈಚೀಲ ಹೊಲಿದು ಮಾರುವ ನಸ್ರೀನ್‌ಗೆ ಕಂಬಳಿ ಬಟ್ಟೆ ಬೇಕಿತ್ತು. ಯಶೋದಾ ಎಲ್ಲರಿಗೂ ಒಂದೇ ಉತ್ತರ ಕಳಿಸಿದಳು: ಆಗುತ್ತೆ.

ಜವನಗೊಂಡನಹಳ್ಳಿಯ ಅಂಚಿನಲ್ಲಿ ಅವಳ ಮನೆ. ಗಂಡ ರಂಗೇಶ್ ಕುರಿ ಮೇಯಿಸುತ್ತಾನೆ. ಅತ್ತೆ ಹುಚ್ಚಕ್ಕ ಉಣ್ಣೆ ನೂಲುತ್ತಾಳೆ. ಮಗ್ಗ ಯಶೋದಾಳದು. ಸ್ವಸಹಾಯ ಸಂಘದ ತರಬೇತಿಯಾದ ಮೇಲೆ ಕಂಬಳಿಯನ್ನು ಸಂತೆಗೆ ಹಾಕುವುದು ಬಿಟ್ಟು, ತಾನೇ ಗಿರಾಕಿ ಹುಡುಕಿ ಮಾರುತ್ತಿದ್ದಳು. ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತಿದ್ದವು. ನೇಯುತ್ತ ನೇಯುತ್ತ ಆ ರೆಕ್ಕೆಗಳೇ ದೂರದಲ್ಲಿ ಕೂತು ತನಗಾಗಿ ನೂಲು ಸುತ್ತುತ್ತಿವೆ ಎಂದು ಮೊದಲೆಲ್ಲ ಅವಳಿಗೆ ಅನ್ನಿಸುತ್ತಿತ್ತು. ಈಚೆಗೆ ಅತ್ತ ನೋಡುವುದಕ್ಕೂ ಪುರುಸೊತ್ತಿರಲಿಲ್ಲ.

ಕಂಬಳಿ ನೇಯುವ ಮೊದಲು ಉದ್ದದ ಎಳೆಗಳನ್ನು ಬಯಲಿನಲ್ಲಿ ಬಿಗಿದು ಕಟ್ಟಿ ಹುಣಸೆ ಬೀಜದ ಗಂಜಿ ಹಚ್ಚಬೇಕು. ಗಂಜಿ ಒಣಗುವ ಮೊದಲೇ ಎರಡೂ ಬದಿಯಿಂದ ಕುಂಚ ಎಳೆದು ಎಳೆ ಬಿಡಿಸಬೇಕು. ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆಂದೇ ಮುಯ್ಯಿ ಇದೆ. ಇವತ್ತು ನಾವು ನಿಮ್ಮ ಬಯಲಿಗೆ, ಇನ್ನೊಂದು ದಿನ ನೀವು ನಮ್ಮ ಬಯಲಿಗೆ. ಕೂಲಿಯ ಮಾತಿಲ್ಲ.

ಪಕ್ಕದ ಮನೆಯ ನೇತ್ರಾವತಿ ಮುಯ್ಯಿಗೆ ಕರೆದಾಗಲೆಲ್ಲ ಯಶೋದಾ ಆರ್ಡರಿನ ನೆಪ ಹೇಳಿದ್ದಳು. ತನ್ನ ಮಗ್ಗ ನಿಲ್ಲಿಸಿ ಇನ್ನೊಬ್ಬರ ಎಳೆಗೆ ಕುಂಚ ಹಿಡಿಯುವುದು ಹೊತ್ತು ಹಾಳು ಎಂಬುದು ಅವಳ ಲೆಕ್ಕ.

ನಸ್ರೀನ್‌ಳ ಬಟ್ಟೆಗೆ ಗಂಜಿ ಹಚ್ಚುವ ಬೆಳಗು ಬಂತು. ಮಂಜಿನಲ್ಲಿ ಕರಿ ಎಳೆಗಳು ತೆಳ್ಳನೆಯ ಹೊಳೆಯಂತೆ ಚಾಚಿದ್ದವು. ಕರೆದಿದ್ದರೂ ಕೇರಿಯವರು ಯಾರೂ ಬರಲಿಲ್ಲ. ಅತ್ತೆ ಸೊಸೆ ಇಬ್ಬರೇ ಕುಂಚ ಹಿಡಿದರು. ಅರ್ಧ ಕೆಲಸಕ್ಕೇ ಬಿಸಿಲೇರಿತು, ಗಾಳಿ ಎದ್ದಿತು, ಗಂಜಿ ಒಣಗಿ ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ಮಗ್ಗಕ್ಕೆ ಏರಿಸಿದ ಮೇಲೆ ಪಟಪಟನೆ ಹರಿಯತೊಡಗಿದವು. ಯಶೋದಾ ಗಂಟು ಹಾಕಿದಳು, ಮತ್ತೆ ಹರಿಯಿತು. ಕೊನೆಗೆ ಗಂಟು ಹಾಕುವುದನ್ನೇ ಬಿಟ್ಟಳು.

ರಂಗೇಶ್ ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದ ಮಾತು ಹೇಳಿದ. "ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕು. ಉಣ್ಣದಿಲ್ಲ, ಮಲಗದಿಲ್ಲ. ಇದ್ಯಾವ ಸೀಮೆ ಯಾಪಾರ?"

ಬಟ್ಟೆ ಏನಾಯಿತೆಂದು ನೋಡಲು ಮರುದಿನ ನಸ್ರೀನ್ ಬಸ್ಸಿನಲ್ಲಿ ಬಂದಳು. ಹುಚ್ಚಕ್ಕ "ಬರ್ರಿ, ಕುಂತ್ಕಳ್ರಿ" ಎಂದು ನೀರು ಕೊಟ್ಟಳು. ನಸ್ರೀನ್ ಹರಿದ ಎಳೆಗಳ ಮೇಲೆ ಕೈಯಾಡಿಸಿ ಕೇಳಿದಳು:

"ನಿನ್ನ ಯಾಪಾರದಾಗೆ ಯಾರ್ಯಾರು ಅವ್ರೆ?"

"ನಾನೊಬ್ಬಳೇ ಕಣಕ್ಕ."

"ಮತ್ತೆ ನಾನೇನು ಮಗ್ಗದ ಗೂಟವಾ?" ಅಂದಳು ಹುಚ್ಚಕ್ಕ.

ನಸ್ರೀನ್ ನಕ್ಕಳು. ಆಮೇಲೆ ನಿಧಾನವಾಗಿ ಹೇಳಿದಳು: "ಉಣ್ಣೆ ಕತ್ತರಿಸೋರು, ನೂಲೋರು, ಕುಂಚ ಹಿಡಿಯೋರು, ಎಲ್ಲಾ ನಿನ್ನ ಯಾಪಾರದ ಜನ. ಅವ್ರಿಗೆ ಕೊಡೋ ಟೈಮು ದಂಡ ಅಲ್ಲ. ಅದೂ ನೇಯೋ ಟೈಮೇ."

"ಬಂದ ಆರ್ಡರ್ ಬ್ಯಾಡ ಅಂದ್ರೆ ಗಿರಾಕಿ ಉಳೀತಾರಾ?"

"ಕೆಲವ್ರು ಹೋಗ್ತಾರೆ. ಹೇಳಿದ ದಿನ ಕೊಡದಿದ್ರೆ ಎಲ್ಲಾ ಹೋಗ್ತಾರೆ."

ತನ್ನ ಹೊಲಿಗೆ ಕೋಣೆಯಲ್ಲಿ ಆರ್ಡರ್ ಮಾತಿಗೆ ಬೆಳಗಿನ ಹೊತ್ತು ಮಾತ್ರ, ಉಳಿದಂತೆ ಫೋನ್ ಕಪಾಟಿನಲ್ಲಿ ಎಂದು ನಸ್ರೀನ್ ವಿವರಿಸಿದಳು. ಶುಕ್ರವಾರ ಮಧ್ಯಾಹ್ನ ಯಂತ್ರಕ್ಕೆ ರಜೆ. ಆ ರಜೆಯನ್ನೂ ಸೇರಿಸಿಯೇ ಗಿರಾಕಿಗೆ ದಿನ ಹೇಳುತ್ತಾಳೆ. ಈ ಸಲ ಅರ್ಧ ಬಟ್ಟೆ ಸಾಕು, ತಡವಾದರೂ ಕಾಯುತ್ತೇನೆ ಎಂದಳು. ಇನ್ನೊಮ್ಮೆ ತಪ್ಪಿದರೆ ಬೇರೆ ಕಡೆ ನೋಡಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಬೆಳಗಾದಾಗ ಯಶೋದಾ ಫೋನು ಮನೆಯಲ್ಲೇ ಬಿಟ್ಟು ನೇತ್ರಾವತಿ ಎಳೆ ಬಿಗಿದಿದ್ದ ಬಯಲಿಗೆ ಹೋದಳು. ಯಾರೂ ಕರೆದಿರಲಿಲ್ಲ.

"ಏನವ್ವ, ದಾರಿ ತಪ್ಪಿ ಬಂದ್ಯಾ?" ಅಂದಳು ನೇತ್ರಾವತಿ.

"ಬಂದೀನಿ. ಕುಂಚ ಕೊಡು."

ಆ ಬದಿಯಿಂದ ನೇತ್ರಾವತಿಯ ಮನೆಯವರು, ಈ ಬದಿಯಿಂದ ಯಶೋದಾ ಕುಂಚ ಎಳೆಯುತ್ತ ಹೋದರು. ಒದ್ದೆ ಎಳೆಗಳು ಒಂದೊಂದಾಗಿ ಬಿಡಿಸಿಕೊಂಡು ಎಳೆಬಿಸಿಲಿನಲ್ಲಿ ಹೊಳೆದವು. ಎಷ್ಟೋ ದಿನದ ಆಯಾಸ ರೆಪ್ಪೆಯ ಮೇಲೆ ಕೂತಿತ್ತು. ಅರೆನಿದ್ದೆಯಂಥ ಆ ಹೊತ್ತಿನಲ್ಲಿ ಎಳೆಗಳು ಗೂಟದಲ್ಲಿ ನಿಲ್ಲದೆ ಬೇಲಿ ದಾಟಿ, ಕುರಿಹಿಂಡು ದಾಟಿ ಹೋಗುತ್ತಲೇ ಇವೆ, ಉದ್ದಕ್ಕೂ ಯಾರದೋ ಕೈಗಳು ಅವನ್ನು ಸವರುತ್ತಿವೆ ಎನ್ನಿಸಿತು ಅವಳಿಗೆ. ಕೆಲಸ ಮುಗಿದದ್ದೇ ತಿಳಿಯಲಿಲ್ಲ.

ಕೈ ತೊಳೆಯುವಾಗ ನೇತ್ರಾವತಿ ಕೇಳಿದಳು, "ನಿಂದು ಯಾವತ್ತು?"

ಯಶೋದಾಳ ಹೊಸ ಎಳೆಗೆ ಗಂಜಿ ಹಚ್ಚುವ ದಿನ ಕೇರಿಯವರು ಬಂದರು. ಕುರಿ ಹೊರಡಿಸುವುದನ್ನು ತುಸು ತಡಮಾಡಿ ರಂಗೇಶನೂ ಒಂದು ಕುಂಚ ಹಿಡಿದ. ಬಿಸಿಲೇರುವ ಮೊದಲೇ ಕೆಲಸ ಮುಗಿಯಿತು. ನಸ್ರೀನ್ ಕೇಳಿದ ಅರ್ಧ ಬಟ್ಟೆ ಹೊಸದಾಗಿ ಹೇಳಿದ ದಿನಕ್ಕೆ ಚಿತ್ರದುರ್ಗ ಸೇರಿತು. ತಡವಾಗುತ್ತದೆ ಎಂದು ತಿಳಿಸಿದಾಗ ಹೊಸದುರ್ಗದ ಅಂಗಡಿಯವರು ಕಾಯಲು ಒಪ್ಪದೆ ಬೇರೆಯವರನ್ನು ಹಿಡಿದರು. ಹೊಳಲ್ಕೆರೆಯವರು ಕಾದರು. ಮಗ್ಗ ಅಟ್ಟಕ್ಕೆ ಹಾಕುವ ಮಾತನ್ನು ರಂಗೇಶ್ ಮತ್ತೆ ಎತ್ತಲಿಲ್ಲ. ಕುರಿಗಳನ್ನು ದೊಡ್ಡಿಗೆ ಕೂಡಿ ಬಂದವನು ಯಶೋದಾಳನ್ನು ಊಟಕ್ಕೆ ಕರೆದರೆ, ಈಗ ಅವಳು ಎದ್ದು ಬರುತ್ತಾಳೆ.

ಸ್ವಂತ ಉದ್ಯೋಗ ನಡೆಸುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಮಗ್ಗವಿರಲಿ, ಹೊಲಿಗೆಯಿರಲಿ, ರೊಟ್ಟಿ ಕೇಂದ್ರವಿರಲಿ, ಮುಂದಿನ ಆರ್ಡರ್ ಬಂದ ತಕ್ಷಣ ಒಪ್ಪಿಕೊಳ್ಳಬೇಡಿ. ಸರಕು ಎಷ್ಟಿದೆ, ಕೈಗಳು ಎಷ್ಟಿವೆ, ನೋಡಿ. ಊಟಕ್ಕೆ, ನಿದ್ದೆಗೆ, ಜೊತೆಯವರಿಗೆ ಬೇಕಾದ ಹೊತ್ತನ್ನು ಮೊದಲು ತೆಗೆದಿಡಿ. ಉಳಿದದ್ದರಲ್ಲಿ ಆಗುವಷ್ಟಕ್ಕೇ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಪಕ್ಕದವರ ಕೆಲಸಕ್ಕೆ ನೀವು ಕೈ ಹಾಕಿ ಎಷ್ಟು ದಿನವಾಯಿತು? ನೆನಪಾಗದಿದ್ದರೆ ನಾಳೆ ಬೆಳಿಗ್ಗೆ ಹೋಗಿ. ಕರೆಯಲೆಂದು ಕಾಯಬೇಡಿ.